ಹೆಬ್ಬೆರಳಿನೊಳಗೊಂದು ದಾದರ್

ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕಿಕೊಂಡು ಲೋಕಲ್ ಹತ್ತಿದರೆ ಮುಂಬೈಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಡೊಂಬಿವಲಿಯಿಂದ ದಿನಾ ಒಂದೇ ಡಬ್ಬಾದಲ್ಲಿ ಹೋಗುವ ನಮ್ಮ ಕನ್ನಡ ಗುಂಪು ಮಾತ್ರ ನೋಡಿತು.

"ಎಂತ ಮಾರಾಯ್ರೆ ಇದು? ಹೆಬ್ಬೆರಳಾ, ಬೀಟ್‌ರೂಟಾ?" ಅಂದರು ಶೆಟ್ರು.

ಮೊನ್ನೆ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಯ ಮುಳ್ಳು ಚುಚ್ಚಿದ್ದು ಹೇಳಿದೆ. ಭಟ್ರು ಕೂತಲ್ಲೇ ಎರಡು ಇಂಚು ಆಚೆ ಸರಿದರು. ಮೂರು ಜನರ ಸೀಟಿಗೆ ನಾಲ್ಕನೆಯವರಾಗಿ ಕೂತವರು ಎರಡು ಇಂಚು ಸರಿದರೆ ಆಚೆ ಸೀಟೇ ಇರುವುದಿಲ್ಲ. ಎದ್ದು ನಿಲ್ಲಬೇಕಾಯಿತು. ಪಾಪ, ದಾದರ್‌ನಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಲು ಮಡಿಯಲ್ಲಿ ಹೊರಟಿದ್ದರು.

ಘಾಟ್ಕೋಪರ್ ದಾಟಿ ಸ್ವಲ್ಪ ದೂರ ಹೋಗಿ ಗಾಡಿ ನಿಂತಿತು. ಕುರ್ಲಾದಲ್ಲಿ ಹಳಿ ಮೇಲೆ ನೀರು. ಕೆಲವರು ಪ್ಯಾಂಟು ಮಡಚಿ ಇಳಿದು ನಡೆದೇಬಿಟ್ಟರು. ನಾನೂ ಎದ್ದೆ. ಕಾಮತ್ ಮಾಮ್ ನನ್ನ ಅಂಗಿ ಹಿಡಿದು ಕೂರಿಸಿದರು. "ಗಾಯದ ಕಾಲು ಆ ನೀರಿಗಿಡ್ತೀಯಾ? ಹೆಗ್ಗಣದ ಉಚ್ಚೆ ಅದರಲ್ಲಿ. ಲೆಪ್ಟೋ, ಅದೇ ಇಲಿಜ್ವರ, ಬರಲಿಕ್ಕೆ ಅಷ್ಟು ಸಾಕು."

ಮಾಮ್ ಪರೇಲಿನ ಲ್ಯಾಬೊಂದರಲ್ಲಿ ಮೂವತ್ತು ವರ್ಷ ರಕ್ತದ ಸ್ಲೈಡ್ ನೋಡಿದವರು. ಅವರಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಕೌಂಟ್ ನೆನಪಿರುತ್ತದೆ.

"ಹಾಳು ಬ್ಯಾಕ್ಟೀರಿಯಾ, ಹೇಗೆ ಊದಿಸಿಬಿಟ್ಟಿದೆ ನೋಡಿ" ಅಂದೆ.

"ಅದರ ಮೇಲೆ ಸುಳ್ಳು ಕೇಸ್ ಹಾಕಬೇಡ. ಅದು ಬಂದದ್ದು ನಿಜ, ಊದಿಸಿದ್ದು ನೀನೇ. ಚರ್ಮದಡಿ ಮಾಸ್ಟ್ ಕೋಶ ಅಂತ ಕಾವಲಿನವು ಉಂಟು. ಕಳ್ಳ ಬಂದ ಅಂತ ಗೊತ್ತಾದರೆ ಹಿಸ್ಟಮಿನ್ ಚೆಲ್ಲುತ್ತವೆ. ಆಗ ಅಲ್ಲಿನ ರಕ್ತನಾಳ ಅಗಲ ಆಗ್ತದೆ. ರಕ್ತ ನುಗ್ಗಿದರೆ ಕೆಂಪು, ಬಿಸಿ. ನಾಳದ ಗೋಡೆ ಸಂದು ಬಿಟ್ಟು ನೀರು ಸೋರಿದರೆ ಬಾವು. ಆ ಬಾವು ನರ ಒತ್ತಿ, ಮೇಲಿಂದ ಬೇರೆ ರಸಾಯನಗಳೂ ಕೆಣಕಿ, ನೋವು."

"ಒಬ್ಬ ಕಳ್ಳನ್ನ ಹಿಡ್ಯಾಕ ಇಡೀ ಓಣಿ ಅಗದ್ಹಂಗಾತಲ್ರೀ" ಅಂದ ವಿಜಯಪುರದ ಪಾಟೀಲ. "ನಮ್ಮ ಬಿಲ್ಡಿಂಗ್ ಮುಂದ ಒಂದು ಪೈಪ್ ಸೋರಿದ್ದಕ್ಕ ನಾಕು ತಿಂಗಳಿಂದ ರಸ್ತಾ ಬಂದ್ ಐತಿ."

"ಈಗ ಕೇಳು, ರಕ್ತ ಅಂದರೆ ಫಾಸ್ಟ್ ಗಾಡಿ. ಅದರಲ್ಲಿ ನ್ಯೂಟ್ರೋಫಿಲ್ ಅಂತ ಬಿಳಿ ಕಣ ಓಡ್ತಾ ಉಂಟು. ಅದು ಇವನ ಹೆಬ್ಬೆರಳಿನಲ್ಲೇ ಇಳಿಯಬೇಕು. ಹೇಗೆ ಇಳಿಯುತ್ತದೆ?"

ಪಾಟೀಲನಿಗೆ ಇಂಥ ಪ್ರಶ್ನೆ ಸಿಕ್ಕಿದರೆ ಹಬ್ಬ. "ದಾದರ್‌ಗೆ ಇಳದಂಗ! ಕುರ್ಲಾ ಬಿಡೂದ್ರಾಗ ಬಾಗಲ ಕಡೆ ಸರೀಬೇಕು. ಮಂದಿ ಮೈಗೆ ಮೈ ಉಜ್ಜಿಕೋಂತ, ಉರುಳಿಕೋಂತ ಹೋಗಬೇಕು. ಕಂಬ ಸಿಕ್ಕರ ಗಟ್ಟಿ ಹಿಡೀಬೇಕು. ಆಮ್ಯಾಲ ಸಂದ್ಯಾಗ ತೂರಬೇಕು."

ಮಾಮ್ ಕನ್ನಡಕ ತೆಗೆದು ಅವನನ್ನೇ ನೋಡಿದರು. "ಪುಸ್ತಕದಲ್ಲಿ ಹೀಗೇ ಉಂಟು ಮಾರಾಯ. ಮೊದಲು ನಾಳದ ಗೋಡೆಗೆ ತಾಗುತ್ತಾ ಉರುಳುವುದು, ಆಮೇಲೆ ಗಟ್ಟಿ ಅಂಟುವುದು, ಕೊನೆಗೆ ಎರಡು ಕೋಶದ ನಡುವೆ ಮೈ ಹಿಂಡಿಕೊಂಡು ಹೊರಗೆ. ಎಲುಬಿನ ಮಜ್ಜೆ ದಿನಕ್ಕೆ ಇಂಥವನ್ನು ಹತ್ತು ಸಾವಿರ ಕೋಟಿಯಷ್ಟು ತಯಾರು ಮಾಡುತ್ತದೆ."

"ಅಷ್ಟು ಜನಕ್ಕೆ ಚಾ ಕೊಡಲಿಕ್ಕೇ ಆಗುದಿಲ್ಲ" ಅಂದರು ಶೆಟ್ರು. ಕ್ಯಾಂಟೀನ್ ನಡೆಸುವವರ ಲೆಕ್ಕವೇ ಬೇರೆ.

"ಚಾ ಬೇಡ, ಕೀಟಾಣುವನ್ನೇ ನುಂಗುತ್ತವೆ. ನುಂಗಿ ಅಲ್ಲೇ ಸಾಯುತ್ತವೆ. ಆ ಹೆಣದ ರಾಶಿಯೇ ಕೀವು."

ನನ್ನ ಆಫೀಸು ಫೋರ್ಟಿನಲ್ಲಿ, ಹುತಾತ್ಮ ಚೌಕದ ಹತ್ತಿರ. ಪಾಟೀಲ ಬೆರಳಿಗೆ ಕೈಮುಗಿದ: "ಹುತಾತ್ಮ ಚೌಕ್ ಕಾಲಾಗ ಕಟಕೊಂಡು ಹೊಂಟಾನ!"

ಕೆಂಪು, ಬಾವು, ಬಿಸಿ, ನೋವು ಎಂದು ಈ ನಾಲ್ಕನ್ನೂ ಸೆಲ್ಸಸ್ ಎಂಬ ರೋಮಿನವನು ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟನಂತೆ. ಇದೆಲ್ಲ ಸೇರಿದರೆ ಇಂಗ್ಲಿಷಿನಲ್ಲಿ ಇನ್‌ಫ್ಲಮೇಶನ್. ನನಗೇನೋ ನಮ್ಮ 'ಉರಿಯೂತ'ವೇ ಹೆಚ್ಚು ಹಿಡಿಸುತ್ತದೆ. ಉರಿಯೂ ಆಯಿತು, ಊತವೂ ಆಯಿತು, ಮುಂದಿನ ಕೆಲಸ ನೋಡಬಹುದು.

ಶೆಟ್ರು ಚೀಲದಿಂದ ಬಾಟಲಿ ತೆಗೆದರು. ಕಾಳುಮೆಣಸು, ಶುಂಠಿ, ಅಮೃತಬಳ್ಳಿಯ ಕಷಾಯ. "ಕುಡೀರಿ, ಇಮ್ಯುನಿಟಿ ಬೂಸ್ಟ್ ಆಗ್ತದೆ."

"ಗಂಟಲಿಗೆ ಹಿತ, ಕುಡಿಯಲಿ" ಅಂದರು ಮಾಮ್. "ಬೂಸ್ಟ್ ಅನ್ನಬೇಡಿ. ಈ ಸೈನ್ಯ ಎದ್ದು ಬರುವುದು ಎಷ್ಟು ಮುಖ್ಯವೋ, ಹೊತ್ತಿಗೆ ಸರಿಯಾಗಿ ಮನೆಗೆ ಹೋಗುವುದೂ ಅಷ್ಟೇ ಮುಖ್ಯ. ಪಾಟೀಲನ ತಾಯಿಯ ಕೈಗಂಟುಗಳನ್ನು ನೋಡಿದಿರಲ್ಲ?"

ಪಾಟೀಲ ಒಂದು ಕ್ಷಣ ಸುಮ್ಮನಾದ. "ಹೌದ್ರಿ. ರುಮಟಾಯ್ಡ್ ಸಂಧಿವಾತ. ಕಳ್ಳ ಇಲ್ಲದ ಮನ್ಯಾಗ ಪೊಲೀಸರು ಬಾಗಲ ಒಡ್ಯಾಕತ್ಯಾರ ಅಂತ ಡಾಕ್ಟರ್ ಹೇಳಿದ್ರು."

ಮಾತು ತಿರುಗಿಸಲು ಭಟ್ರು ಕೇಳಿದರು: "ಈ ನುಂಗುವುದನ್ನೆಲ್ಲ ಮೊದಲು ಕಂಡವರು ಯಾರು?"

"ಮೆಚ್ನಿಕಾಫ್ ಅಂತ ಒಬ್ಬ ವಿಜ್ಞಾನಿ. 1882, ಇಟಲಿಯ ಮೆಸ್ಸಿನಾ. ಮನೆಯವರೆಲ್ಲ ಸರ್ಕಸ್ಸಿನ ಮಂಗ ನೋಡಲು ಹೋಗಿದ್ದರು. ಇವನು ಮನೆಯಲ್ಲಿ ಕೂತು ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿದ. ಗಾಜಿನ ಹಾಗೆ ಪಾರದರ್ಶಕ ಮರಿ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳ ಘೇರಾವ್! 1908ರಲ್ಲಿ ನೊಬೆಲ್ ಬಂತು."

"ಅವ ಮೀನಿಗೆ ಮುಳ್ಳು ಚುಚ್ಚಿದ, ಮೀನು ಇವರಿಗೆ ಚುಚ್ಚಿತು. ಲೆಕ್ಕ ಚುಕ್ತಾ" ಅಂದರು ಶೆಟ್ರು.

"ಅವನ ಶಿಷ್ಯ ಹಾಫ್ಕಿನ್ ನಮ್ಮ ಬೈಕಳಾಕ್ಕೇ ಬಂದ. 1896ರ ಪ್ಲೇಗು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ಮಾಡಿ, 1897ರ ಜನವರಿ 10ಕ್ಕೆ ಮೊದಲು ತನಗೇ ಚುಚ್ಚಿಕೊಂಡ. ಜ್ವರ ಬಂತು."

"ಪ್ಲೇಗೇ?" ಭಟ್ರ ಕಣ್ಣರಳಿತು.

"ಸತ್ತ ಕೀಟಾಣು ಭಟ್ರೇ. ಜ್ವರ ಅವನ ಮೈಯೇ ಬರಿಸಿದ್ದು. ಬಿಳಿ ಕಣಗಳ ಕಾಗದ ಮಿದುಳಿಗೆ ಹೋಗುತ್ತದೆ, ಮಿದುಳು ಶಾಖದ ಗುರುತು ಮೇಲೇರಿಸುತ್ತದೆ. ಮೈ ಅಲ್ಲಿಗೆ ಮುಟ್ಟುವ ತನಕ ಚಳಿ, ನಡುಕ. ಪ್ಯಾರಾಸಿಟಮಾಲ್ ಆ ಗುರುತು ಕೆಳಗಿಳಿಸುತ್ತದೆ, ಕೀಟಾಣುವನ್ನು ಮುಟ್ಟುವುದೂ ಇಲ್ಲ." ಮಾಮ್ ನನ್ನ ಕಡೆ ತಿರುಗಿದರು. "ತೊಡೆಸಂದಿಯಲ್ಲಿ ಗಡ್ಡೆ ಉಂಟಾ?"

ಡಬ್ಬಾದಲ್ಲಿ ಕೇಳುವ ಪ್ರಶ್ನೆಯೇ! ಉಂಟು ಅಂತ ತಲೆಯಾಡಿಸಿದೆ.

"ಕಾಲಿನ ಸುದ್ದಿ ಅಲ್ಲಿಯ ಹಾಲ್ರಸ ಗ್ರಂಥಿಗೆ, ಅದೇ ಲಿಂಫ್ ನೋಡಿಗೆ, ಮುಟ್ಟಿದೆ. ಇದೇ ಕೀಟಾಣುವಿಗೆಂದೇ ಪ್ರತಿಕಾಯ, ಅಂದರೆ ಆಂಟಿಬಾಡಿ, ಮಾಡುವ ಆಫೀಸು ಅದು. ಹೊಸ ಫೈಲಾದರೆ ವಾರ, ಹತ್ತು ದಿನ. ಹಳೇ ಫೈಲಾದರೆ ಬೇಗ. ಪ್ಲೇಗಿನ ಗಡ್ಡೆಯೂ ಏಳುತ್ತಿದ್ದದ್ದು ಇಂಥಲ್ಲೇ. ನೀನು ಇವತ್ತೇ ಡಾಕ್ಟರ್ ಹತ್ತಿರ ಹೋಗು, ಟಿಟಿ ಹಾಕಿಸು, ಶುಗರ್ ನೋಡಿಸು. ಶುಗರ್ ಜಾಸ್ತಿ ಇದ್ದರೆ ಈ ನುಂಗುವವರ ಕೈ ನಡೆಯುವುದಿಲ್ಲ."

ಗಾಡಿ ಕದಲಿತು. ಕುರ್ಲಾ ಬಿಟ್ಟಿದ್ದೇ ಮಾಮ್ ಯಾವಾಗ ಉರುಳಿದರು, ಯಾವಾಗ ಅಂಟಿದರು ಗೊತ್ತಾಗಲಿಲ್ಲ. ದಾದರ್ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈಬೀಸುತ್ತಿದ್ದರು.

"ಅಯ್ಯೋ, ನಾನೂ ಇಲ್ಲೇ!" ಭಟ್ರು ಎಚ್ಚೆತ್ತು ನುಗ್ಗಿದರು. ಹತ್ತುವವರ ಅಲೆ ಅವರನ್ನು ಎತ್ತಿ ಹಿಂದಕ್ಕೆ ಒಗೆಯಿತು. ಸರಿಯಾಗಿ ನನ್ನ ಹೆಬ್ಬೆರಳ ಮೇಲೆ.

ನನ್ನ ಕೂಗು ಎರಡು ಡಬ್ಬಾಕ್ಕೆ ಕೇಳಿರಬೇಕು. ಹುತಾತ್ಮರೆಲ್ಲ ಹೊರಬಂದರು, ಅರ್ಧ ನನ್ನ ಚಪ್ಪಲಿಗೆ, ಅರ್ಧ ಮಡಿ ಪಂಚೆಗೆ.

"ಬೈಕಳಾದಾಗ ಇಳೀರಿ ಭಟ್ರ" ಅಂದ ಪಾಟೀಲ. "ಹಾಫ್ಕಿನ್ ಊರು. ತಿರುಗಿ ಸ್ಲೋ ಹಿಡೀರಿ."

ಭಟ್ರು ಪಂಚೆಯ ಅಂಚನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪೂಜೆ ಮನೆಗೆ ಫೋನ್ ಹಚ್ಚಿದರು. "ಹಾಂ, ಬಂದೆ ಬಂದೆ. ಒಂದು ಬಕೆಟ್ ಬಿಸಿನೀರು ಇಟ್ಟಿರಿ. ಮತ್ತೆ... ಮನೆಯಲ್ಲಿ ಒಂದು ಪಂಚೆ ಇರಬಹುದಾ?"