ಖಾಸಗಿ ಶಾಲೆ ಶಿಕ್ಷಕರ ಕರಾರು: ಆಡಳಿತ ಮಂಡಳಿ ಜೊತೆ ಮಾತಿಗೆ ಕೂಡುವ ಮುಂಚೆ ಏನೇನು ತಯಾರಿ ಬೇಕು?

ಕೇಳಿದವರು: ಶಿಕ್ಷಕಿ, ಸೇಡಂ ತಾಲೂಕು

ನಮ್ಮದು ಸ್ಟೇಟ್ ಸಿಲಬಸ್, ಅನುದಾನ ಇಲ್ಲದ ಶಾಲೆ. 28 ಮಂದಿ ಶಿಕ್ಷಕರು, 640 ಮಕ್ಕಳು. ಪಗಾರ ಸರಾಸರಿ 12,000. ಪ್ರತಿ ವರ್ಷ ಜೂನ್‌ನಿಂದ ಮಾರ್ಚ್ ತನಕ ಹೊಸ ಕರಾರು ಮಾಡಿಸ್ತಾರ. ಏಪ್ರಿಲ್, ಮೇ ಪಗಾರ ಇಲ್ಲ. ಆದ್ರ ಮೇ ತಿಂಗಳಾಗ ಅಡ್ಮಿಷನ್ ಪ್ರಚಾರಕ್ಕ ಮನಿ ಮನಿಗಿ ಕಳಿಸ್ತಾರ. ಈಗ ಎಲ್ಲಾರೂ ಕೂಡಿ ಸಂಘ ಮಾಡೀವಿ, ಜನವರಿಯಾಗ ಮಾತಿಗೆ ಕೂಡೋಣ ಅಂತ ಆಡಳಿತ ಮಂಡಳಿಯವರು ಅಂದಾರ. 2,000 ರೂಪಾಯಿ ಹೆಚ್ಚಳ ಕೇಳಬೇಕಂತ ಅದ. ಬೇಡಿಕೆ ಪತ್ರದಾಗ ಇನ್ನೇನು ಹಾಕಬೇಕು, ಗೊತ್ತಿದ್ದವರು ಹೇಳ್ರಿ.

ಲೆಕ್ಕಪತ್ರ ನೋಡುವವರು, ಕಲಬುರಗಿ

ಮೇಡಂ, ಮೊದಲು ಒಂದು ಲೆಕ್ಕ ನೋಡ್ರಿ. 28 ಜನಕ್ಕೆ ತಿಂಗಳಿಗೆ 2,000ದಂತೆ 12 ತಿಂಗಳು ಹೆಚ್ಚಳ ಅಂದ್ರೆ 6,72,000. ಅದೇ 28 ಜನಕ್ಕೆ ಏಪ್ರಿಲ್-ಮೇ ಪಗಾರ, 12,000ದಂತೆ ಎರಡು ತಿಂಗಳು, ಅದೂ 6,72,000! ಮಂಡಳಿಯ ಜೇಬಿಗೆ ಎರಡೂ ಒಂದೇ, ನಿಮಗೆ ಮಾತ್ರ ಒಂದೇ ಅಲ್ಲ. ಬೇಸಿಗೆ ಪಗಾರ ಸಿಕ್ಕರೆ ಸೇವೆ ನಡುವೆ ಕಡಿಯುವುದು ನಿಲ್ಲುತ್ತದೆ, ಪಿಎಫ್ ಖಾತೆಗೆ 12 ತಿಂಗಳೂ ದುಡ್ಡು ಬೀಳುತ್ತದೆ, ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸೇವಾ ವರ್ಷಗಳ ಲೆಕ್ಕದಲ್ಲಿ ಸಿಗುವ ಇಡಿಗಂಟು) ವಾದ ಬೇಕಾಗುವುದಿಲ್ಲ. ನನ್ನ ಪ್ರಕಾರ ಮೊದಲನೇ ಬೇಡಿಕೆ 12 ತಿಂಗಳ ಕರಾರು, ಎರಡನೆಯದು ಹೆಚ್ಚಳ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ಅವರು 1,000 ಹೆಚ್ಚಿಸಿ ಬೇಸಿಗೆ ಮಾತನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ.

ಈ 6,72,000ಕ್ಕೆ ಪಿಎಫ್‌ನಲ್ಲಿ ಮಾಲೀಕರ ಪಾಲು ಮತ್ತು ಆಡಳಿತ ಶುಲ್ಕ ಸೇರಿ ಸುಮಾರು ಶೇ 13 ಕೂಡಿಸ್ರಿ, 87,360 ಆಯಿತು. ಇಎಸ್‌ಐ (ನೌಕರರ ಆರೋಗ್ಯ ವಿಮೆ) ನೋಂದಣಿ ಇದ್ದರೆ ಶೇ 3.25, ಅಂದ್ರೆ 21,840. ಒಟ್ಟು 7,81,200. ಇದನ್ನು 640 ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ ವರ್ಷಕ್ಕೆ 1,221, ತಿಂಗಳಿಗೆ ನೂರಾ ಎರಡು ರೂಪಾಯಿ. ಈ ಒಂದು ಸಾಲು ಬರೆದುಕೊಂಡು ಹೋಗ್ರಿ. 'ದುಡ್ಡು ಎಲ್ಲಿಂದ ತರೋಣ' ಅನ್ನುವ ಮಾತು ಬಂದೇ ಬರುತ್ತದೆ.

ಸಂಸ್ಥೆ ಸೊಸೈಟಿಯಾಗಿ ನೋಂದಣಿ ಆಗಿದ್ದರೆ ಅದರ ವಾರ್ಷಿಕ ಲೆಕ್ಕಪತ್ರ ಸಹಕಾರ ಇಲಾಖೆಯಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಮೂರು ವರ್ಷದ ದೃಢೀಕೃತ ನಕಲಿಗೆ ಈಗಲೇ ಅರ್ಜಿ ಹಾಕ್ರಿ. ಅದರಲ್ಲಿ ಪಗಾರದ ಬಾಬ್ತು ಒಟ್ಟು ಖರ್ಚಿನಲ್ಲಿ ಎಷ್ಟು ಪಾಲು, ಕಟ್ಟಡ ನಿಧಿಗೆ ಎಷ್ಟು ಹೋಯಿತು, ಈ ಎರಡು ನೋಡಿದರೆ ಸಾಕು. ಟ್ರಸ್ಟ್ ಆಗಿದ್ದರೆ ಈ ದಾರಿ ಇಲ್ಲ.

ಇನ್ನೊಂದು ಮಾತು. ಮುಂದಿನ ವರ್ಷದ ಫೀ ಪಟ್ಟಿ ಅಚ್ಚಾದ ಮೇಲೆ ಕೇಳಿದರೆ ಯಾರೂ ಕೊಡೋದಿಲ್ಲ.

ಶಿಕ್ಷಕರ ಸಂಘದ ಕೆಲಸ ಮಾಡುವವರು, ಆಳಂದ

ಲೆಕ್ಕ ಖರೆ ಅದ. ಆದ್ರ ಕಾಗದ ಗಟ್ಟಿ ಇರಬೇಕು. ಯಾಕಂದ್ರ ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಅದು ಗೋವಾದ ಶಾಲೆಯೊಂದರ ಶಿಕ್ಷಕಿಯ ಪ್ರಕರಣ. ಕಾರ್ಖಾನೆಯವರ ಹಾಗೆ ಕಾರ್ಮಿಕ ಇಲಾಖೆಯ ಮುಂದೆ ಸಂಧಾನ, ಆಮೇಲೆ ಕೈಗಾರಿಕಾ ನ್ಯಾಯಮಂಡಳಿ, ಈ ಮೆಟ್ಟಿಲು ನಮಗಿಲ್ಲ. ಬಸ್ ಡ್ರೈವರ್, ಆಯಾ, ಜವಾನರಿಗೆ ಅದ! ಅವರ ಬೇಡಿಕೆ ಬೇರೆ ಹಾಳೆಯಲ್ಲಿ ಕೊಡ್ರಿ, ನಮ್ಮ ಪತ್ರದೊಳಗೆ ಸೇರಿಸಿ ಅವರ ಹಕ್ಕು ಮಸುಕು ಮಾಡಬ್ಯಾಡ್ರಿ.

ಪತ್ರ ಕೊಡುವ ಕ್ರಮ ಹೀಗೆ. ಸಂಘದ ಸಭೆ ಕರೆದು ಠರಾವು ಬರೆದು, ಬಂದವರೆಲ್ಲರ ಸಹಿ ತಗೊಳ್ರಿ. ಮಾತಿಗೆ ಹೋಗುವ ಮೂರು ಅಥವಾ ಐದು ಜನರ ಹೆಸರು ಠರಾವಿನಲ್ಲೇ ಇರಲಿ. ಇಲ್ಲಾಂದ್ರ ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು ಬೇರೆ ಬೇರೆ ಮಾತು ಕೊಡ್ತಾರ. ಬೇಡಿಕೆ ಪತ್ರ ಎರಡು ಪ್ರತಿ ಒಯ್ಯಬೇಕು. ಒಂದರ ಮೇಲೆ ಇನ್‌ವರ್ಡ್ ನಂಬರ್, ತಾರೀಖು, ಸೀಲು ಹಾಕಿಸಿಕೊಂಡೇ ಬರಬೇಕು. ಒಲ್ಲೆ ಅಂದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ರಿ.

ಬಹಳ ಕಡೆ ಎಡವೋದು ಒಪ್ಪಂದ ಆದ ಮೇಲೆ. ಕಾರ್ಯದರ್ಶಿ ಸಹಿ ಮಾಡಿದರು, ಸಿಹಿ ಹಂಚಿದರು, ಅಲ್ಲಿಗೆ ಬಿಟ್ಟರು. ವರ್ಷದ ಮೇಲೆ ಮಂಡಳಿ ಚುನಾವಣೆ ಆಗಿ ಹೊಸ ಕಾರ್ಯದರ್ಶಿ ಬಂದು 'ಅದು ಅವರ ಸ್ವಂತ ಮಾತು' ಅಂತಾರ. ಆಡಳಿತ ಮಂಡಳಿ ಸಭೆಯ ಠರಾವಿನ ನಕಲು ಒಪ್ಪಂದಕ್ಕೆ ಲಗತ್ತು ಆಗಿರಲೇಬೇಕು, ಠರಾವಿನ ನಂಬರು ಒಪ್ಪಂದದ ಮೊದಲ ಸಾಲಿನಲ್ಲಿ ಬರಬೇಕು.

ಪಿಎಫ್ ಕಡತ ನೋಡುವವರು, ಬೀದರ

28 ಶಿಕ್ಷಕರೇ ಇದ್ದಾರೆ ಅಂದ ಮೇಲೆ ಪಿಎಫ್‌ನ 20 ಜನರ ಗಡಿ ದಾಟಿತು. ಮಾತಿಗೆ ಕೂಡುವ ವಾರದ ಮುಂಚೆ ಎಲ್ಲರೂ ತಮ್ಮ ಯುಎಎನ್ (ಪಿಎಫ್ ಸದಸ್ಯರ ನಂಬರ್) ಪಾಸ್‌ಬುಕ್ ತೆಗೆದು ನೋಡಬೇಕು. ನೋಡಬೇಕಾದ್ದು ಮೂರು: ಪ್ರತಿ ತಿಂಗಳು ಬಿದ್ದಿದೆಯೇ, ಎಷ್ಟು ಪಗಾರದ ಮೇಲೆ ಬಿದ್ದಿದೆ, ಸೇರಿದ ತಾರೀಖು ಸರಿ ಇದೆಯೇ.

12,000 ಪಗಾರಕ್ಕೆ ನಿಮ್ಮ ಪಾಲು 1,440, ಮಂಡಳಿಯ ಪಾಲೂ 1,440. ಅವರ ಪಾಲಿನಲ್ಲಿ ಶೇ 8.33, ಸುಮಾರು 1,000, ಪಿಂಚಣಿಗೆ ಹೋಗಿ 440 ಪಿಎಫ್‌ಗೆ ಉಳಿಯುತ್ತದೆ. ಕೆಲವೆಡೆ ಎರಡೂ ಪಾಲನ್ನು ಶಿಕ್ಷಕರ ಪಗಾರದಿಂದಲೇ ಹಿಡಿದು 9,120 ಕೈಗೆ ಕೊಡುತ್ತಾರೆ. ಮಾಲೀಕರ ಪಾಲನ್ನು ನೌಕರರಿಂದ ಹಿಡಿಯುವುದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ. ಇದು ಬೇಡಿಕೆ ಪತ್ರದ ವಿಷಯವೂ ಅಲ್ಲ. ಕೊಡಬೇಕಾದ್ದನ್ನು 'ಬೇಡಿಕೆ' ಅಂತ ಬರೆದರೆ ಅದಕ್ಕೂ ಚೌಕಾಸಿ ಶುರುವಾಗುತ್ತದೆ. ಬೇರೆ ಪತ್ರದಲ್ಲಿ 'ಬಾಕಿ ಪಾಲನೆ' ಅಂತ ತಲೆಬರಹ ಕೊಟ್ಟು ಬರೆಯಿರಿ. ಸರಿಪಡಿಸದಿದ್ದರೆ ಕಲಬುರಗಿಯಲ್ಲಿ ಪಿಎಫ್ ಪ್ರಾದೇಶಿಕ ಕಚೇರಿ ಇದೆ.

ಇನ್ನೊಂದು ಚಾಳಿ: ಮೂಲ ವೇತನ 5,000, ಉಳಿದ 7,000 'ವಿಶೇಷ ಭತ್ಯೆ' ಅಂತ ತೋರಿಸಿ 5,000ದ ಮೇಲಷ್ಟೇ ಪಿಎಫ್ ಕಟ್ಟುವುದು. ಎಲ್ಲರಿಗೂ ಒಂದೇ ಸಮ ಕೊಡುವ ಭತ್ಯೆ ಮೂಲ ವೇತನದ ಭಾಗವೇ ಎಂದು 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಕರಣದಲ್ಲಿದ್ದ ಸಂಸ್ಥೆಗಳಲ್ಲಿ ಒಂದು ಪಶ್ಚಿಮ ಬಂಗಾಳದ ಶಾಲೆಯೇ.

ನಮ್ಮ ಬೀದರ ಕಡೆಯ ಒಂದು ಮಾತು ಸೇರಿಸುತ್ತೇನೆ. ಮಾತುಕತೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ನಡೆಯುತ್ತದೆ, ಕರಾರು ಮಾತ್ರ ಇಂಗ್ಲಿಷ್‌ನಲ್ಲಿ ಬರುತ್ತದೆ. ಕನ್ನಡ ಪ್ರತಿ ಕೇಳಿ, ಎರಡಕ್ಕೂ ಸಹಿ ಮಾಡಿಸಿ.

ವಕೀಲರು, ಯಾದಗಿರಿ

ಗ್ರಾಚ್ಯುಟಿ ಬಗ್ಗೆ. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಶಿಕ್ಷಕರನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಒಳಗೆ ತಂದಿತು. ಖಾಸಗಿ ಶಾಲೆಗಳವರು ಪ್ರಶ್ನಿಸಿದರು, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಲೆಕ್ಕ ಸುಲಭ: ಕೊನೆಯ ಪಗಾರವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವಾ ವರ್ಷಗಳಿಂದ ಗುಣಿಸಿ. 12,000 ಪಗಾರ, 9 ವರ್ಷ ಅಂದರೆ 62,308 ರೂಪಾಯಿ.

ಹತ್ತು ತಿಂಗಳ ಕರಾರಿನ ಮರ್ಮ ಇಲ್ಲೇ ಇದೆ. 'ಪ್ರತಿ ಜೂನ್‌ನಲ್ಲಿ ಹೊಸ ನೇಮಕ, ಗ್ರಾಚ್ಯುಟಿಗೆ ಬೇಕಾದ ಐದು ವರ್ಷ ಎಲ್ಲಿ ಆಯಿತು' ಎನ್ನುವ ವಾದಕ್ಕೆ ತಯಾರಿ ಅದು. ವರ್ಷದಲ್ಲಿ 240 ದಿನ ಕೆಲಸವಾದರೆ ಒಂದು ವರ್ಷದ ಸತತ ಸೇವೆ ಎಂಬ ನಿಯಮವಿದೆ, ಹತ್ತು ತಿಂಗಳಲ್ಲಿ ಅದು ತುಂಬುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಂತೂ ನಿಗದಿತ ಅವಧಿಯ ಕರಾರಿನವರಿಗೆ ಐದು ವರ್ಷ ಕಾಯುವ ಷರತ್ತೇ ಇಲ್ಲ, ಒಂದು ವರ್ಷ ಸಾಕು. ಆದರೂ ನ್ಯಾಯಾಲಯದಲ್ಲಿ ವಾದಿಸಿ ಪಡೆಯುವುದಕ್ಕಿಂತ ಕರಾರಿನಲ್ಲಿ ಒಂದು ವಾಕ್ಯ ಬರೆಸುವುದು ಅಗ್ಗ. 'ಮೊದಲು ಸೇರಿದ ದಿನಾಂಕದಿಂದ ಸೇವೆ ನಿರಂತರವೆಂದು ಪರಿಗಣಿಸಲಾಗುವುದು' ಎಂದಿರಲಿ, ಎದುರಿಗೆ ಪ್ರತಿಯೊಬ್ಬರ ಸೇರಿದ ದಿನಾಂಕದ ಪಟ್ಟಿ ಇರಲಿ. ಮಂಡಳಿಗೆ ಒಮ್ಮೆಲೇ ಕೊಡುವ ಭಯವಿದ್ದರೆ ಎಲ್‌ಐಸಿಯ ಸಮೂಹ ಗ್ರಾಚ್ಯುಟಿ ಯೋಜನೆ ತೋರಿಸಿ. 28 ಜನಕ್ಕೆ ವರ್ಷಕ್ಕೆ ಬೆಳೆಯುವ ಹೊಣೆ ಈಗಿನ ಪಗಾರದಲ್ಲಿ ಸುಮಾರು 1,94,000.

ಕೆಲಸದಿಂದ ತೆಗೆಯುವ ಬಗ್ಗೆ: ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಂ ಪ್ರಕಾರ ಆರೋಪ ತಿಳಿಸದೆ, ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಮಾಡಿದರೆ 94ನೇ ಕಲಂ ಕೆಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು, ಆದೇಶ ಕೈಗೆ ಬಂದ ಮೂರು ತಿಂಗಳೊಳಗೆ. ಬಿಇಒ ಆಫೀಸು, ಡಿಡಿಪಿಐ ಆಫೀಸು ಅಂತ ಮನವಿ ಹಿಡಿದು ತಿರುಗುತ್ತ ಈ ಮೂರು ತಿಂಗಳು ಕಳೆದುಕೊಳ್ಳುವವರೇ ಹೆಚ್ಚು. ಮನವಿ ಕೊಟ್ಟರೆ ಗಡುವು ನಿಲ್ಲುವುದಿಲ್ಲ. (ಸಿಬಿಎಸ್‌ಇ ಶಾಲೆಗಳ ಲೆಕ್ಕ ಬೇರೆ.)

ತಾರೀಖು ಹಾಕದ ರಾಜೀನಾಮೆ ಪತ್ರಕ್ಕೆ ಸಹಿ, ಮೂಲ ಅಂಕಪಟ್ಟಿ ಒತ್ತೆ, ಈ ಎರಡಿದ್ದರೆ 92ನೇ ಕಲಂ ಇದ್ದೂ ಇಲ್ಲದಂತೆ. 'ಇಂಥ ಪತ್ರಗಳು ಯಾವುವೂ ಮಂಡಳಿಯ ಬಳಿ ಇಲ್ಲ, ಇದ್ದರೆ ಅವು ರದ್ದು' ಎಂದು ಒಪ್ಪಂದದಲ್ಲೇ ಬರೆಸಿ. ಮೂಲ ದಾಖಲೆಗಳನ್ನು 15 ದಿನದೊಳಗೆ ಪಟ್ಟಿ ಮಾಡಿ ಹಿಂತಿರುಗಿಸಬೇಕು ಎಂದೂ ಸೇರಿಸಿ.

ಪ್ರೌಢಶಾಲಾ ಮುಖ್ಯಗುರು, ಚಿತ್ತಾಪುರ

ಎಲ್ಲರೂ ರೊಕ್ಕದ್ದೇ ಹೇಳಿದ್ರಿ. ಪೀರಿಯಡ್ ಬಗ್ಗೆ ಯಾರೂ ಹೇಳಲಿಲ್ಲ. ದಿನಕ್ಕ 8 ಪೀರಿಯಡ್, ಶನಿವಾರ 5, ವಾರಕ್ಕ 45. ಇದರಾಗ ಒಬ್ಬ ಶಿಕ್ಷಕರಿಗೆ 40 ಹಾಕಿದ್ರ ನೋಟ್‌ಬುಕ್ ತಿದ್ದೋದು ಮನಿಗಿ ಹೋಗ್ತದ. 45 ಮಕ್ಕಳ 5 ಸೆಕ್ಷನ್ ಅಂದ್ರ 225 ನೋಟ್‌ಬುಕ್, ಒಂದಕ್ಕ ಎರಡೇ ನಿಮಿಷ ಹಿಡಿದ್ರೂ ಏಳೂವರೆ ತಾಸು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅನುಸೂಚಿಯಲ್ಲಿ ವಾರಕ್ಕೆ 45 ತಾಸು ಅಂತಿರೋದು ಪಾಠದ ತಯಾರಿಯನ್ನೂ ಸೇರಿಸಿಯೇ. ಅದನ್ನು ಮುಂದಿಟ್ಟು ವಾರಕ್ಕ 32 ಪೀರಿಯಡ್ ಮಿತಿ ಕೇಳ್ರಿ. ರಜೆ ಹೋದವರ ಬದಲಿ ಪೀರಿಯಡ್ ಕೂಡ ಈ 32ರೊಳಗೇ ಎಣಿಕೆ ಆಗಬೇಕು. ಇದೊಂದು ಮಾತು ಬಿಟ್ಟರೆ ಮಿತಿ ಹೆಸರಿಗಷ್ಟೇ.

ಮೇ ತಿಂಗಳ ಪ್ರಚಾರ ಪೂರಾ ನಿಲ್ಲಿಸ್ತಾರ ಅನ್ನೋ ಆಸೆ ಬ್ಯಾಡ. ಷರತ್ತು ಹಾಕ್ರಿ: ಮುಂಜಾನೆ 8ರಿಂದ 11, ಒಟ್ಟು ಇಷ್ಟೇ ದಿನ, ಪೆಟ್ರೋಲ್ ಖರ್ಚು ಬೇರೆ, ಅಡ್ಮಿಷನ್ ಸಂಖ್ಯೆಗೂ ಪಗಾರಕ್ಕೂ ಸಂಬಂಧ ಇರಬಾರದು. ಈ ಭಾಗದ ಸರ್ಕಾರಿ ಕಚೇರಿಗಳೇ ಏಪ್ರಿಲ್-ಮೇದಾಗ ಮುಂಜಾನೆ 8ಕ್ಕ ಶುರು ಆಗಿ ಮಧ್ಯಾಹ್ನ ಒಂದೂವರೆಗೆ ಮುಚ್ತಾವ. ಬಿಸಿಲಿನ ಮಾತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಾಗಿಲ್ಲ.

ಹೆಣ್ಣುಮಕ್ಕಳೇ ಹೆಚ್ಚಿರೋ ಸಿಬ್ಬಂದಿ ಅಂದ್ರ 26 ವಾರದ ಹೆರಿಗೆ ರಜೆ ಮತ್ತು ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ದೂರು ಸಮಿತಿ, ಎರಡೂ 'ಬಾಕಿ ಪಾಲನೆ' ಪತ್ರದಾಗ ಹೋಗಲಿ. ಹತ್ತು ಅಥವಾ ಹೆಚ್ಚು ಜನ ಇರುವಲ್ಲಿ ಸಮಿತಿ ಇರಲೇಬೇಕು, ಅಧ್ಯಕ್ಷೆ ಮಹಿಳೆ, ಹೊರಗಿನ ಸದಸ್ಯರೊಬ್ಬರು.

ಕೇಳಿದವರು

ಎಲ್ಲಾರಿಗೂ ಧನ್ಯವಾದರಿ. ಮಾರ್ಚ್ ಪರೀಕ್ಷೆ ಟೈಮಿಗೆ ಪೇಪರ್ ತಿದ್ದೋದು ನಿಲ್ಲಿಸಿದ್ರ ಲಗೂ ಒಪ್ತಾರ ಅಂತ ಕೆಲವರು ಅಂತಾರ?

ಶಿಕ್ಷಕರ ಸಂಘದ ಕೆಲಸ ಮಾಡುವವರು, ಆಳಂದ

ಬ್ಯಾಡ್ರಿ. ಪರೀಕ್ಷೆ ಮುಟ್ಟಿದ ದಿನ ಪಾಲಕರು ಮಂಡಳಿ ಕಡೆ ಹೋಗ್ತಾರ, ಮತ್ತ 92ರ ಕೆಳಗೆ ಆರೋಪಪಟ್ಟಿಗೆ ನೀವೇ ವಿಷಯ ಕೊಟ್ಟಂಗ. ಪ್ರಚಾರಕ್ಕ ಹೋಗೋದಿಲ್ಲ ಅಂತ ಹೇಳೋದು ಬೇರೆ, ಪಗಾರ ಇಲ್ಲದ ತಿಂಗಳದ ಕೆಲಸ ಕರಾರಿನ ಹೊರಗಿಂದು. ಅದನ್ನ ಜನವರಿಯಲ್ಲೇ ಲಿಖಿತವಾಗಿ ತಿಳಿಸ್ರಿ. ಅಡ್ಮಿಷನ್ ಭಯ ಅವರಿಗೆ ಪರೀಕ್ಷೆಗಿಂತ ಹೆಚ್ಚು.

ಲೆಕ್ಕಪತ್ರ ನೋಡುವವರು, ಕಲಬುರಗಿ

ಒಂದು ಬಿಟ್ಟಿದ್ದೆ. 'ಮೂರು ವರ್ಷಕ್ಕೆ ಸೇರಿಸಿ ಒಂದೇ ಸಲ 2,000' ಅಂದರೆ ಹಾಗೇ ಒಪ್ಪಬೇಡ್ರಿ. ಮೊದಲ ವರ್ಷ 1,000, ಆಮೇಲೆ ವರ್ಷಕ್ಕೆ ಶೇ 6 ಅಂತ ಕೇಳ್ರಿ: ಜೂನ್‌ಗೆ 13,000, ಮರುವರ್ಷ 13,780, ಮೂರನೇ ವರ್ಷ 14,607. ಮೂರು ವರ್ಷದ ಒಟ್ಟು ಮೊತ್ತ ಅವರ ಲೆಕ್ಕಕ್ಕಿಂತ ಕಡಿಮೆಯೇ ಆಗುತ್ತದೆ, ಆದ್ದರಿಂದ ಅವರು ಒಪ್ಪುವ ಸಾಧ್ಯತೆ ಇದೆ. ನಿಮಗೆ ಬೇಕಾದ್ದು ನಾಲ್ಕನೇ ವರ್ಷದ ಮಾತು 14,607ರಿಂದ ಶುರುವಾಗುವುದು, ಗ್ರಾಚ್ಯುಟಿಯೂ ಕೊನೆಯ ಪಗಾರದ ಮೇಲೇ. ಪಗಾರ ಮರುತಿಂಗಳ 7ನೇ ತಾರೀಖಿನೊಳಗೆ ಬ್ಯಾಂಕಿಗೆ, ಪಗಾರ ಚೀಟಿ ಸಮೇತ ಅಂತ ಅದೇ ಕಲಮಿನಲ್ಲಿ ಸೇರಿಸ್ರಿ.