ಗುಜರಿಗೆ ಬಂದ ಹಳೆ ವಿಮಾನದ ಲ್ಯಾಂಡಿಂಗ್ ಗೇರ್: ದುಡ್ಡು ಹಾಕಿ ರೆಡಿ ಮಾಡಬಹುದಾ?

ಗೋಕುಲರೋಡ್ ಫಿಟ್ಟರ್ (ಹುಬ್ಬಳ್ಳಿ):
ಎಲ್ಲರಿಗೂ ನಮಸ್ಕಾರ್ರೀ. ನಮ್ಮದು ಟಿಪ್ಪರ್ ಸಿಲಿಂಡರ್, ಜ್ಯಾಕ್ ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪ್. ಪರಿಚಯದ ಗುಜರಿಯವರ ಹತ್ತಿರ ಹಳೆ ವಿಮಾನದ ಒಂದು ಕಾಲು ಬಂದಿದೆ, ಚಕ್ರ ಸಮೇತ. ಕ್ರೋಮ್ ರಾಡ್ ನಾಲ್ಕು ಬೆರಳಷ್ಟು ಮಾತ್ರ ಹೊರಗಿದೆ, ಅದರ ಒಂದು ಬದಿಗೆ ಸಾಸಿವೆ ಕಾಳಿನಷ್ಟು ಗುಂಡಿಗಳು ಬಿದ್ದಿವೆ. ರಿಮ್ ಮೇಲೆ ಬಿಳಿ ಪುಡಿ ಎದ್ದಿದೆ. ಬೋಲ್ಟುಗಳಿಗೆ ಬಂಗಾರದಂಥ ಹಳದಿ ಬಣ್ಣ. ಅವರು ಕೆಜಿ ಲೆಕ್ಕ ಬಿಟ್ಟು ಪೀಸ್ ರೇಟ್ ಹೇಳುತ್ತಿದ್ದಾರೆ, ಅದು ಜಾಸ್ತಿನೇ ಇದೆ. ನಾನು ಬಿಟ್ಟರೆ ಕತ್ತರಿಸಿ ಕರಗಿಸಲು ಕಳಿಸುತ್ತಾರೆ. ಸರಿ ಮಾಡಿ ಧಾರವಾಡದಲ್ಲಿ ಮಗಳು ಓದುವ ಕಾಲೇಜಿಗೆ ಕೊಡಬೇಕು ಅಂತ ಆಸೆ. ತಗೊಳ್ಳಬಹುದಾ? ಏನು ನೋಡಿ ನಿರ್ಧಾರ ಮಾಡಲಿ?

ಬೆಟಗೇರಿ ಏರ್‌ಫ್ರೇಮ್ (ಗದಗ):
ತಮ್ಮಾ, ದುಡ್ಡಿನ ಮಾತು ಆಮೇಲೆ. ಮೊದಲು ಅದಕ್ಕೆ ಸ್ಪ್ಯಾನರ್ ಹಾಕಬೇಡ. ನೀವು ದಿನಾ ಬಿಚ್ಚುವ ಸಿಲಿಂಡರಿನಲ್ಲಿ ಬರೀ ಎಣ್ಣೆ ಇರುತ್ತದೆ, ಇದರಲ್ಲಿ ಎಣ್ಣೆಯ ಮೇಲೆ ನೈಟ್ರೋಜನ್ ಗ್ಯಾಸನ್ನು ಒತ್ತಿ ತುಂಬಿರುತ್ತಾರೆ. ಇಳಿಯುವಾಗಿನ ಹೊಡೆತವನ್ನು ಗ್ಯಾಸ್ ಸ್ಪ್ರಿಂಗಿನ ಹಾಗೆ ತಾಳಿಕೊಳ್ಳುತ್ತದೆ, ಎಣ್ಣೆ ಸಣ್ಣ ತೂತಿನಲ್ಲಿ ಹಾಯುವಾಗ ಆ ಹೊಡೆತದ ಬಲ ಇಳಿಯುತ್ತದೆ. ರಾಡ್ ಒಳಗೆ ಕೂತಿದೆ ಅಂದರೆ ಗ್ಯಾಸ್ ಹೋಗಿರಬಹುದು, ಜಂಗು ಹಿಡಿದು ಸಿಕ್ಕಿಕೊಂಡೂ ಇರಬಹುದು. ವಾಲ್ವಿನಿಂದ ನಿಧಾನವಾಗಿ ಗ್ಯಾಸ್ ಬಿಡಬೇಕು, ಮುಖ ಪಕ್ಕಕ್ಕಿರಲಿ, ವಾಲ್ವನ್ನೇ ಕಿತ್ತು ತೆಗೆಯಬೇಡ. ಟೈರಿನಲ್ಲೂ ಗಾಳಿ ಪೂರ್ತಿ ಹೋಗುವವರೆಗೆ ರಿಮ್ಮಿನ ಎರಡು ಭಾಗ ಹಿಡಿದಿರುವ ಬೋಲ್ಟ್ ಮುಟ್ಟಬಾರದು. ಹಾಗೆ ಬಿಚ್ಚಿದರೆ ಜೀವಕ್ಕೇ ಕುತ್ತು.

ಆಮೇಲೆ ನಂಬರ್ ಹುಡುಕು. ಸಿಲಿಂಡರಿಗೆ ರಿವೆಟ್ ಹೊಡೆದ ಸಣ್ಣ ಪ್ಲೇಟ್ ಇರುತ್ತದೆ, ಇಲ್ಲದಿದ್ದರೆ ಫೋರ್ಜಿಂಗ್ (ಬಡಿದು ಮಾಡಿದ ಲೋಹದ ಭಾಗ) ಮೇಲೇ ಪಾರ್ಟ್ ನಂಬರ್ ಒತ್ತಿರುತ್ತಾರೆ. ನನ್ನ ಕೇಳಿದರೆ ಅರ್ಧ ಬೆಲೆ ಇರುವುದೇ ಅಲ್ಲಿ. ನಂಬರ್ ಇಲ್ಲದ ಕಾಲು ಬರೀ ಕಬ್ಬಿಣ. ನಂಬರಿನಿಂದ ಅದು ಎಚ್‌ಎಎಲ್ ಕಿರಣ್‌ದು ಅಂತ ಗೊತ್ತಾದರೆ 1964ರಲ್ಲಿ ಮೊದಲ ಸಲ ಹಾರಿದ ನಮ್ಮದೇ ಟ್ರೇನರ್ ಜೆಟ್‌ನ ಭಾಗ. ನ್ಯಾಟ್ ಅನ್ನುವ ಚಿಕ್ಕ ಯುದ್ಧವಿಮಾನದ್ದಾದರೆ ಇನ್ನೂ ವಿಶೇಷ, ಅದರಲ್ಲಿ ಗಾಳಿಯಲ್ಲೇ ಗೇರ್ ಅರ್ಧ ಇಳಿಸಿದರೆ ಅದೇ ವೇಗ ತಗ್ಗಿಸುವ ಏರ್‌ಬ್ರೇಕ್ ಆಗುತ್ತಿತ್ತು.

ತಾರಿಹಾಳ ಟರ್ನರ್:
ನನಗೆ ಇದು ಲುಕ್ಸಾನಿನ ವ್ಯವಹಾರ ಅನಿಸುತ್ತದೆ. ಆ ರಾಡಿನ ಹಳೆ ಕ್ರೋಮ್ ತೆಗೆದು, ಹೊಸದು ಹಚ್ಚಿಸಿ, ಗ್ರೈಂಡಿಂಗ್ ಮಾಡಿಸಿ, ಸೀಲ್ ಹುಡುಕಿ ಹಾಕುವಷ್ಟರಲ್ಲಿ ಗುಜರಿಯವರು ಕೇಳಿದ್ದಕ್ಕಿಂತ ಎಷ್ಟೋ ಪಟ್ಟು ಖರ್ಚು. ಮತ್ತೆ ಹಾರುತ್ತದಾ? ಇಲ್ಲ.

ಬೆಟಗೇರಿ ಏರ್‌ಫ್ರೇಮ್:
ಹಾರುವ ಮಾತು ಬೇಡವೇ ಬೇಡ. ಗೇರಿನ ಆಯುಷ್ಯವನ್ನು ಎಷ್ಟು ಸಲ ಇಳಿದಿದೆ ಅನ್ನುವ ಲೆಕ್ಕದಲ್ಲಿ ಬರೆದಿಡುತ್ತಾರೆ. ಆ ದಾಖಲೆ ಕಳೆದ ಮೇಲೆ ಎಷ್ಟು ಪಾಲಿಶ್ ಹೊಡೆದರೂ ವಿಮಾನಕ್ಕೆ ಹಾಕುವ ಹಾಗಿಲ್ಲ. 'ಪರಶುರಾಮ' ಅನ್ನುವ ಹಳೆ ಡಕೋಟಾ ಸಾಗಣೆ ವಿಮಾನ ರೆಡಿಯಾಗಿ 2018ರಲ್ಲಿ ವಾಯುಪಡೆಗೆ ಬಂತಲ್ಲ, ಅದರ ಹಿಂದೆ ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಕೆಲಸ ನಡೆದಿತ್ತು. ಇಲ್ಲಿ ಕೇಳಿರುವುದು ಕಾಲೇಜಿನಲ್ಲಿ ನಿಲ್ಲಿಸಲು. ಅದಕ್ಕೆ ಕ್ರೋಮ್ ಯಾಕೆ ಬೇಕು? ಒಳಗೆ ಒತ್ತಡವೇ ಇರುವುದಿಲ್ಲವಲ್ಲ. ರಾಡನ್ನು ಬೇಕಾದಷ್ಟು ಹೊರಗೆಳೆದು ಒಳಗೊಂದು ಪೈಪ್ ತುಂಡು ಕೊಟ್ಟರೆ ನಿಂತಿರುತ್ತದೆ. ಗುಂಡಿಗಳು ಹಾಗೇ ಇರಲಿ, ಹುಡುಗರು ನೋಡಿ ಕಲಿಯಲಿ.

ಲೋಹದ ಮೇಡಂ (ಹಾವೇರಿ):
ಅಣ್ಣಾ, ಆ ಬಿಳಿ ಪುಡಿಯ ಬಗ್ಗೆ ಯಾರೂ ಹೇಳಲಿಲ್ಲ. ಹಳೆ ರಿಮ್‌ಗಳು ಎಷ್ಟೋ ಮೆಗ್ನೀಸಿಯಂ ಮಿಶ್ರಲೋಹದವು. ಕಾಣದ ಮೂಲೆಯಲ್ಲಿ ಒಂದು ಹನಿ ವಿನೆಗರ್ ಹಾಕಿ, ಬುಸುಬುಸು ನೊರೆ ಬಂದರೆ ಮೆಗ್ನೀಸಿಯಂ, ಅಲ್ಯುಮಿನಿಯಂ ಆದರೆ ಸುಮ್ನೆ ಇರುತ್ತದೆ. ಒರೆಸಿಬಿಡಿ. ಮೆಗ್ನೀಸಿಯಂ ಆದರೆ ಗ್ರೈಂಡರ್ ಹಚ್ಚಲೇಬೇಡಿ. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಜೋರಾಗುತ್ತದೆ, ಒಣ ಮರಳೇ ಬೇಕು. ಹಳದಿ ಬೋಲ್ಟಿನ ಮೇಲಿರುವುದು ಕ್ಯಾಡ್ಮಿಯಂ ಲೇಪನ ಇರಬಹುದು. ಒಣ ಸ್ಯಾಂಡ್‌ಪೇಪರ್ ಬೇಡ, ಗ್ಯಾಸ್ ಕಟರ್ ಅಂತೂ ಬೇಡ, ಆ ಹೊಗೆ ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆ, ಗ್ಲೌಸ್ ಸಾಕು.

ಜಂಗು ಬಿಡಿಸಲು ಆಸಿಡ್‌ನಲ್ಲಿ ಮುಳುಗಿಸಬೇಡಿ. ಇಂಥ ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿ, ಮೇಲೆ ಚೆಂದ ಕಂಡರೂ ಒಳಗೆ ಗಾಜಿನಂತೆ ಪೆಡಸಾಗುತ್ತದೆ. ಸ್ಯಾಂಡ್‌ಬ್ಲಾಸ್ಟೂ ಈಗಲೇ ಬೇಡ, ಅಲ್ಯುಮಿನಿಯಂ ಮೇಲಿನ ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ. ಮ್ಯಾಗ್ನೆಟ್ ಹಿಡಿದು ಯಾವುದು ಉಕ್ಕು, ಯಾವುದು ಅಲ್ಯುಮಿನಿಯಂ ಅಂತ ಬೇರೆ ಮಾಡಿ. ಕಾಲನ್ನು ವಿಮಾನಕ್ಕೆ ಸೇರಿಸುವ ಕಣ್ಣುಗಳ (ಪಿನ್ ಹಾಕುವ ತೂತಿರುವ ಕಿವಿಗಳ) ಒಳಮೂಲೆ, ಟಾರ್ಕ್ ಲಿಂಕಿನ (ರಾಡ್ ತಿರುಗದಂತೆ ಹಿಡಿಯುವ ಕತ್ತರಿಯಂಥ ಜೋಡಿ ತೋಳು) ಪಿನ್ ತೂತು, ಅಲ್ಲೇ ಬಿರುಕು ಶುರುವಾಗುವುದು. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಕೆಂಪು-ಬಿಳಿ ಡೈ ಪೆನೆಟ್ರೆಂಟ್ ಸ್ಪ್ರೇ ಸಾಕು, ಬಿರುಕಿದ್ದಲ್ಲಿ ಕೆಂಪು ಗೆರೆ ಎದ್ದು ಬರುತ್ತದೆ. ಬಿರುಕಿದ್ದರೂ ಪ್ರದರ್ಶನಕ್ಕೆ ನಡೆಯುತ್ತದೆ, ಭಾರ ಮಾತ್ರ ಅದರ ಮೇಲೆ ಬೀಳದ ಹಾಗೆ ಸ್ಟ್ಯಾಂಡ್ ಮಾಡಿ.

ಗೋಕುಲರೋಡ್ ಫಿಟ್ಟರ್:
ಮೇಡಂ, ಅಣ್ಣಾ, ತುಂಬಾ ಉಪಕಾರ ಆಯ್ತು. ಇವತ್ತು ಹೋಗಿ ಬಟ್ಟೆಯಿಂದ ಒರೆಸಿ ನೋಡಿದೆ. ಬೂದು ಬಣ್ಣದ ಕೆಳಗೆ ಪ್ಲೇಟ್ ಸಿಕ್ಕಿತು, ಕೊನೆಯ ಎರಡು ಅಂಕಿ ಅಳಿಸಿದೆ, ಉಳಿದದ್ದು ಓದಲು ಬರುತ್ತದೆ. ಟಾರ್ಕ್ ಲಿಂಕ್ ಎರಡೂ ಇವೆ, ಬ್ರೇಕ್ ಇಲ್ಲ. ಮೇಲಿನ ಒಂದು ಕಣ್ಣನ್ನು ಗ್ಯಾಸ್‌ನಲ್ಲಿ ಕತ್ತರಿಸಿದ್ದಾರೆ.

ಬೆಟಗೇರಿ ಏರ್‌ಫ್ರೇಮ್:
ಮತ್ತೆ ಬಳಸಬಾರದು ಅಂತಲೇ ಹಾಗೆ ಕತ್ತರಿಸಿ ಕೊಡುವುದುಂಟು. ಆ ಜಾಗ ತುಂಬಿಸಬೇಡ, ಹಾಗೇ ಇರಲಿ. ನಂಬರ್ ಇದೆ, ಲಿಂಕ್ ಇವೆ. ಧೈರ್ಯವಾಗಿ ತಗೋ, ಆದರೆ ಕತ್ತರಿಸಿದ ಕಣ್ಣು ತೋರಿಸಿ ರೇಟ್ ಇಳಿಸಿ ಕೇಳು. ಗುಜರಿಯವರು ಇದನ್ನು ಹರಾಜಿನಲ್ಲಿ ತಗೊಂಡ ಬಿಲ್ಲಿನ ಝೆರಾಕ್ಸ್ ಇಲ್ಲದೆ ಮಾತ್ರ ದುಡ್ಡು ಕೊಡಬೇಡ, ನಾಳೆ ಕಾಲೇಜಿನವರೂ ಅದನ್ನೇ ಕೇಳುತ್ತಾರೆ. ಪ್ಲೇಟಿನ ಫೋಟೋ ಇಲ್ಲಿ ಹಾಕು, ಬಲಗಡೆಯದೋ ಎಡಗಡೆಯದೋ ಮೊದಲು ನೋಡೋಣ.