ಪದಚರ್ಚೆ: ಜೀವಕೋಶದಲ್ಲಿ ಸತು ‘ಸಾಗುತ್ತದೆಯೇ’? ತರು, ಒಯ್ಯು, ಒಪ್ಪಿಸು

ಒಂದು ಕ್ರಿಯಾಪದದ ವಿಷಯದಲ್ಲಿ ಸಿಕ್ಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ನಮ್ಮ ದೇಹದ ಜೀವಕೋಶಗಳಲ್ಲಿ ಪ್ರೋಟೀನುಗಳು ಸತುವನ್ನು ಹೇಗೆ ನಿಭಾಯಿಸುತ್ತವೆ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. (ಸತು ಎಂದರೆ ಮಾತ್ರೆ ಚೀಟಿಯ ಮೇಲಿನ ಜಿಂಕ್.) ಮೊದಲ ಕರಡಿನಲ್ಲಿ ಎಲ್ಲ ಕಡೆ ‘ಸಾಗಣೆ’ ಎಂದು ಬರೆದೆ. ‘ಸತು ಸಾಗಿಸುವ ಪ್ರೋಟೀನ್’. ಕಿವಿಗೆ ಚೆನ್ನಾಗಿಯೇ ಇದೆ. ಆದರೆ ಓದಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ತಪ್ಪು. ಸಾಗಿಸು ಎಂದ ಕೂಡಲೇ ಗಾಡಿ ನೆನಪಾಗುತ್ತದೆ, ಅಲ್ವಾ? ಹೊರೆಯ ಜೊತೆ ಗಾಡಿಯೂ ಹೋಗುತ್ತದೆ. ಇಲ್ಲಿ ಹಾಗಲ್ಲ. ಪ್ರೋಟೀನ್ ಪೊರೆಯಲ್ಲಿ ನಾಟಿಕೊಂಡು ಇದ್ದಲ್ಲೇ ಇರುತ್ತದೆ. ಒಂದು ಬದಿಗೆ ಬಾಯಿ ತೆರೆದು ಸತುವಿನ ಅಯಾನನ್ನು ಹಿಡಿಯುತ್ತದೆ. ಆಮೇಲೆ ಆಕಾರ ಬದಲಿಸಿ, ಇನ್ನೊಂದು ಬದಿಗೆ ಬಾಯಿ ತೆರೆದು ಬಿಡುತ್ತದೆ. ಹೋಗುವುದು ಸತು ಮಾತ್ರ.

‘ವಾಹಕ’ ಎನ್ನಬಹುದಿತ್ತು. ಆದರೆ ಶಾಲೆಯ ವಿಜ್ಞಾನದಲ್ಲಿ ವಾಹಕ ಎಂದರೆ ಮೊದಲು ಬರುವುದು ವಿದ್ಯುತ್ತು. ಸಾಲದ್ದಕ್ಕೆ ಸತು ಒಂದು ಲೋಹ. ‘ಸತು ವಾಹಕ’ ಎಂದರೆ ಅದರಲ್ಲಿ ಕರೆಂಟ್ ಹರಿಯುತ್ತದೆ ಎಂದೇ ಓದಿಕೊಳ್ಳುತ್ತಾರೆ, ಮತ್ತು ಆ ಮಾತೂ ನಿಜವೇ! ಸ್ನೇಹಿತರೊಬ್ಬರು ‘ಅಂಬಿಗ’ ಎಂದು ಸೂಚಿಸಿದರು. ಪದ ತುಂಬ ಇಷ್ಟವಾಯಿತು. ಆದರೆ ಅಂಬಿಗನೂ ದೋಣಿಯ ಜೊತೆ ಆಚೆ ದಡಕ್ಕೆ ಹೋಗುತ್ತಾನೆ. ಹಾಗಾಗಿ ಬಿಡಬೇಕಾಯಿತು. ಪೊರೆಯ ಕೆಲಸಕ್ಕೆ ಸದ್ಯ ‘ದಾಟಿಸು’ ಎಂದು ಇಟ್ಟುಕೊಂಡಿದ್ದೇನೆ. ದಾಟಿಸುವವರು ತಾವೂ ದಾಟಲೇಬೇಕು ಎಂದೇನೂ ಆ ಪದ ಹೇಳುವುದಿಲ್ಲ.

ನಿಜವಾದ ತೊಡಕು ದಿಕ್ಕಿನದು. ಮನುಷ್ಯರಲ್ಲಿ ಸತುವನ್ನು ದಾಟಿಸುವ ಪ್ರೋಟೀನುಗಳಲ್ಲಿ ಎರಡು ದೊಡ್ಡ ಮನೆತನಗಳಿವೆ. ಜಿಪ್ ಮನೆತನದಲ್ಲಿ 14, ಜಡ್‌ಎನ್‌ಟಿ ಮನೆತನದಲ್ಲಿ 10. ಜಿಪ್ ‘ಒಳಕ್ಕೆ’, ಜಡ್‌ಎನ್‌ಟಿ ‘ಹೊರಕ್ಕೆ’ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ನಾನೂ ಹಾಗೇ ಬರೆದೆ. ಮುಂದಿನ ಪುಟದಲ್ಲೇ ಎಡವಿದೆ. ಜಡ್‌ಎನ್‌ಟಿ8 ಎಂಬುದು ಮೇದೋಜೀರಕದ ಬೀಟಾ ಕೋಶಗಳಲ್ಲಿ, ಇನ್ಸುಲಿನ್ ತುಂಬಿದ ಪುಟ್ಟ ಚೀಲಗಳ ಪೊರೆಯಲ್ಲಿದೆ. ಅದು ಸತುವನ್ನು ಆ ಚೀಲದ ಒಳಕ್ಕೆ ಕಳಿಸುತ್ತದೆ. ಅಲ್ಲಿ ಎರಡು ಸತುವಿನ ಅಯಾನುಗಳ ಸುತ್ತ ಆರು ಇನ್ಸುಲಿನ್‌ಗಳು ಗುಂಪುಗೂಡುತ್ತವೆ. ಹಾಗಾದರೆ ಇದು ಒಳಕ್ಕೋ ಹೊರಕ್ಕೋ? ಜಿಪ್7 ಇದಕ್ಕೆ ತಿರುಗುಮುರುಗು. ಅದು ಕೋಶದೊಳಗಿನ ಎಂಡೋಪ್ಲಾಸ್ಮಿಕ್ ಜಾಲದಿಂದ ಸತುವನ್ನು ಹೊರಗೆ ಬಿಡುತ್ತದೆ. ಆದರೂ ‘ಒಳಕ್ಕೆ’ ಗುಂಪಿನಲ್ಲಿದೆ!

ಇಲ್ಲಿ ಕನ್ನಡ ನನ್ನ ಕೈ ಹಿಡಿಯಿತು. ನಮ್ಮಲ್ಲಿ ‘ತರು’, ‘ಒಯ್ಯು’ ಎಂದು ಎರಡು ಬೇರೆ ಪದಗಳಿವೆ. ನಿಂತ ಜಾಗಕ್ಕೆ ಬಂದರೆ ತರುವುದು, ಅಲ್ಲಿಂದ ಹೋದರೆ ಒಯ್ಯುವುದು. ಎಲ್ಲಿ ನಿಂತಿದ್ದೇವೆ ಎಂಬುದು ಕ್ರಿಯಾಪದದಲ್ಲೇ ಇದೆ. ಕೋಶರಸದಲ್ಲಿ, ಅಂದರೆ ಕೋಶದೊಳಗೆ ಚೀಲಗಳ ಸುತ್ತ ತುಂಬಿರುವ ದ್ರವದಲ್ಲಿ, ನಿಂತು ನೋಡಿ. ಜಿಪ್‌ಗಳೆಲ್ಲ ಸತುವನ್ನು ತರುತ್ತವೆ: ಕೆಲವು ಕೋಶದ ಹೊರಗಿನಿಂದ, ಕೆಲವು ಒಳಗಿನ ಚೀಲಗಳಿಂದ. ಜಡ್‌ಎನ್‌ಟಿಗಳು ಸಾಮಾನ್ಯವಾಗಿ ಒಯ್ಯುತ್ತವೆ: ಕೆಲವು ಕೋಶದ ಆಚೆಗೆ, ಕೆಲವು ಚೀಲಗಳಿಗೆ. ಒಳಕ್ಕೆ ಹೊರಕ್ಕೆ ಎಂಬ ಗೊಂದಲವೇ ಇಲ್ಲ. ಕರುಳಿನಲ್ಲಿ ಆಹಾರದ ಸತುವನ್ನು ತರುವುದು ಜಿಪ್4. ಅದರ ಜೀನ್ ಎರಡೂ ಪ್ರತಿಗಳಲ್ಲಿ ಕೆಟ್ಟರೆ ಮಗುವಿಗೆ ಚರ್ಮ ಒಡೆಯುತ್ತದೆ, ಭೇದಿ ನಿಲ್ಲುವುದಿಲ್ಲ, ಕೂದಲು ಉದುರುತ್ತದೆ. ಜಾಸ್ತಿ ಸತು ಕೊಡುತ್ತಾ ಹೋದರೆ ಮಗು ಚೇತರಿಸಿಕೊಳ್ಳುತ್ತದೆ. ‘ತರುವವರಿಲ್ಲ’ ಎಂದು ಬರೆದಾಗ ಆ ಕಾಯಿಲೆ ನನಗೇ ಮೊದಲ ಸಲ ಸರಿಯಾಗಿ ಅರ್ಥವಾಯಿತು.

ಇನ್ನು ಕೋಶರಸದ ಒಳಗಿನ ಮಾತು. ಅಲ್ಲಿ ಸತು ಸುಮ್ನೆ ತೇಲಿಕೊಂಡು ಹೋಗುತ್ತದೆ ಎಂದು ತಿಳಿಯಬಾರದು. ಕೋಶದ ಒಟ್ಟು ಸತುವಿನಲ್ಲಿ ಬಿಡಿಯಾಗಿರುವುದು ಲಕ್ಷಾಂತರ ಪಾಲಿನಲ್ಲಿ ಒಂದು ಪಾಲು. (‘ಮುಕ್ತ ಸತು’ ಎನ್ನುವುದಕ್ಕಿಂತ ‘ಬಿಡಿ ಸತು’ ವಾಸಿ.) ಉಳಿದದ್ದು ಬಹುಪಾಲು ಯಾವುದೋ ಒಂದು ಪ್ರೋಟೀನಿನ ಹಿಡಿತದಲ್ಲಿ. ಮೆಟಲೊಥಯೊನೀನ್ ಎಂಬ ಚಿಕ್ಕ ಪ್ರೋಟೀನ್ ತನ್ನ 20 ಸಿಸ್ಟೀನ್‌ಗಳಿಂದ (ಸಿಸ್ಟೀನ್ ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಲ್ಲೊಂದು) ಏಳು ಅಯಾನುಗಳವರೆಗೆ ಹಿಡಿಯುತ್ತದೆ. ಏಳನ್ನೂ ಒಂದೇ ಬಿಗಿಯಲ್ಲಿ ಹಿಡಿಯುವುದಿಲ್ಲ. ಕೆಲವನ್ನು ಸಡಿಲವಾಗಿ ಹಿಡಿದು, ಬೇಕಾದಾಗ ಬಿಟ್ಟುಕೊಡುತ್ತದೆ. ‘ಸಂಗ್ರಹ’ ಎಂದರೆ ಕೂಡಿಟ್ಟು ಬೀಗ ಹಾಕಿದ ಹಾಗೆ. ನನಗೆ ‘ಕೈಗಡ’ ಹೊಳೆದಿದೆ. ಕೊಟ್ಟು ತೆಗೆದುಕೊಳ್ಳುವ ಸಲೀಸು ಅದರಲ್ಲಿದೆ.

ಕೊನೆಯದು ಶಾಪರೋನ್, ಅಂದರೆ ಲೋಹವನ್ನು ಜೋಪಾನವಾಗಿ ಹಿಡಿದು ಬೇಕಾದ ಪ್ರೋಟೀನಿಗೆ ಕೊಡುವ ಪ್ರೋಟೀನ್. ಮನುಷ್ಯರ ಕೋಶದಲ್ಲಿ ಸತುವಿಗೂ ಅಂಥದ್ದೊಂದು ಇದೆ ಎಂದು 2022ರಲ್ಲಿ ವರದಿಯಾಯಿತು. ಹೆಸರು ಜಡ್‌ಎನ್‌ಜಿ1. ಇದು ಸತುವನ್ನು ಕಂಡವರಿಗೆಲ್ಲ ಕೊಡುವುದಿಲ್ಲ. ಜಿಟಿಪಿ ಎಂಬ ಶಕ್ತಿ ಕೊಡುವ ಅಣುವನ್ನು ಖರ್ಚು ಮಾಡಿ, ಮೆಟ್ಯಾಪ್1 ಎಂಬ ಎಂಜೈಮಿನ ಕೈಗೇ ಇಡುತ್ತದೆ. ಹೊಸ ಪ್ರೋಟೀನುಗಳ ಮೊದಲ ತುದಿಯ ಮೆಥಿಯೊನೀನ್ ಎಂಬ ಅಮೈನೋ ಆಮ್ಲವನ್ನು ಕತ್ತರಿಸುವ ಎಂಜೈಮ್ ಅದು. ‘ಬೆಂಗಾವಲು’ ಎಂದರೆ ಕಾವಲಷ್ಟೇ ಆಯಿತು, ಕೊಡುವ ಮಾತು ಬರಲಿಲ್ಲ. ‘ತಲುಪಿಸು’ ಎಂದರೆ ಬಾಗಿಲ ಬಳಿ ಇಟ್ಟು ಬಂದರೂ ಸಾಕು. ‘ಒಪ್ಪಿಸು’ ಎಂದರೆ ಯಾರಿಗೆ ಸೇರಬೇಕೋ ಅವರ ಕೈಗೆ ಕೊಡುವುದು. ನನಗೆ ಇದೇ ಸರಿ ಕಾಣುತ್ತದೆ. ಆದರೆ ಪಾಠ ಒಪ್ಪಿಸುವುದೂ ಇದೆ, ಒಲ್ಲದವರನ್ನು ಒಪ್ಪಿಸುವುದೂ ಇದೆ. ‘ಸತು ಒಪ್ಪಿಸುವ ಪ್ರೋಟೀನ್’ ಎಂದು ತಟ್ಟನೆ ಓದಿದಾಗ ನಿಮಗೆ ಯಾವ ಅರ್ಥ ಹೊಳೆಯುತ್ತದೆ?

ಇನ್ನೊಂದು ಪ್ರಶ್ನೆ ‘ಒಯ್ಯು’ ಬಗ್ಗೆ. ಎಷ್ಟೋ ಜನ ಮಾತಿನಲ್ಲಿ ಅದನ್ನು ಬಿಟ್ಟು ‘ತಗೊಂಡು ಹೋಗು’ ಎನ್ನುತ್ತಾರೆ. ಅಂಥವರಿಗೆ ‘ಒಯ್ಯುವ ಪ್ರೋಟೀನ್’ ಪುಸ್ತಕದ ಮಾತು ಅನ್ನಿಸೀತೇ? ಹಾಗೇನಾದರೂ ಇದ್ದರೆ, ‘ತರು’ ಜೊತೆ ಜೋಡಿಯಾಗಿ ನಿಲ್ಲುವ ಇನ್ನೊಂದು ಚಿಕ್ಕ ಪದ ನಿಮ್ಮ ಬಾಯಲ್ಲಿದ್ದರೆ ಬರೆಯಿರಿ.